ಕೊಡಗಿನ ರಾಜನ ಮಗಳು, ಲಂಡನ್ ರಾಣಿಯ ಧರ್ಮಪುತ್ರಿ: ಎರಡು ಹೆಸರಿನ ಗೌರಮ್ಮನ ಕಥೆ

ಶಿರಾ: ಅಂಗಡಿಗೆ ಸಾಮಾನು ತರೋಕೆ ಬೆಂಗಳೂರಿಗೆ ಹೋಗಿ ಬರುವ ನಮ್ಮ ವ್ಯಾಪಾರಿಗಳಿಗೆ ಡಾಬಸ್‌ಪೇಟೆ ಹೊಸ ಊರೇನಲ್ಲ. ತುಮಕೂರು ದಾಟಿದ ಮೇಲೆ ಹೈವೇ ಪಕ್ಕದಲ್ಲೇ ಸಿಗುತ್ತೆ. ಆದರೆ ಆ ಊರಿಗೆ ಆ ಹೆಸರು ಹೇಗೆ ಬಂತು ಅಂತ ಕೇಳಿದರೆ ಎಷ್ಟೋ ಜನರಿಗೆ ಗೊತ್ತಿಲ್ಲ. ಅದು ಡಾಬ್ಸ್ ಅನ್ನೋ ಬ್ರಿಟಿಷ್ ಅಧಿಕಾರಿಯ ಹೆಸರು.

1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತವನ್ನು ಬ್ರಿಟಿಷರು ಮಹಾರಾಜರ ಕೈಯಿಂದ ತೆಗೆದುಕೊಂಡರು. ಆಗ ನಮ್ಮ ತುಮಕೂರು ಸೀಮೆ ಚಿತ್ರದುರ್ಗ ವಿಭಾಗಕ್ಕೆ ಸೇರಿತ್ತು. ಆ ವಿಭಾಗವನ್ನು ಬಹಳ ವರ್ಷ ನೋಡಿಕೊಂಡವರು ಡಾಬ್ಸ್. ಅವರಿಗೂ ಮೇಲಿದ್ದವರು ಕಮಿಷನರ್ ಮಾರ್ಕ್ ಕಬ್ಬನ್. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟವರು ಅವರೇ. ಇದೇ ಕಬ್ಬನ್ ಕೈಕೆಳಗೆ 1834ರಿಂದ ಇನ್ನೊಂದು ನಾಡೂ ಬಂತು. ಅದು ಕೊಡಗು.

ಬಂದ ದೊರೆಗಳ ಹೆಸರು ನಮ್ಮ ಊರು, ಪಾರ್ಕು, ರಸ್ತೆಗಳ ಮೇಲೆ ಉಳಿದುಕೊಂಡಿದೆ. ಅದೇ ಕಾಲದಲ್ಲಿ ಕೊಡಗಿನ ರಾಜಮನೆತನದ ಒಬ್ಬಳು ಹುಡುಗಿ ಹಡಗು ಹತ್ತಿ ಅವರ ದೇಶಕ್ಕೆ ಹೋದಳು. ಅಲ್ಲೇ ಬೆಳೆದಳು, ಅಲ್ಲೇ ಮದುವೆಯಾದಳು, ಇಪ್ಪತ್ತೆರಡನೇ ವಯಸ್ಸಿಗೆ ಅಲ್ಲೇ ತೀರಿಕೊಂಡಳು. ಅವಳ ಹೆಸರು ವಿಕ್ಟೋರಿಯಾ ಗೌರಮ್ಮ. ಹೆಸರಿನ ಮೊದಲರ್ಧ ಅಲ್ಲಿಯದು, ಉಳಿದರ್ಧ ಇಲ್ಲಿಯದು. ಅವಳ ಬದುಕೂ ಹೆಚ್ಚು ಕಡಿಮೆ ಹಾಗೇ ಇತ್ತು.

ಒಂದು ಮಾತು ಮೊದಲೇ ಹೇಳಿಬಿಡೋಣ. ಕಥೆಗಾರ್ತಿ ಕೊಡಗಿನ ಗೌರಮ್ಮ ಬೇರೆ, ಈ ಗೌರಮ್ಮ ಬೇರೆ. ಕಥೆಗಾರ್ತಿ ಹುಟ್ಟಿದ್ದು 1912ರಲ್ಲಿ. ನಮ್ಮ ಈ ಗೌರಮ್ಮ ಅವರಿಗಿಂತ ಸುಮಾರು ಎಪ್ಪತ್ತು ವರ್ಷ ಮೊದಲಿನವಳು.

ರಾಜ್ಯ ಹೋಯಿತು, ಊರೂ ಹೋಯಿತು

ಗೌರಮ್ಮನ ತಂದೆ ಚಿಕ್ಕವೀರರಾಜೇಂದ್ರ, ಕೊಡಗಿನ ಕೊನೆಯ ಅರಸ. ಹಾಲೇರಿ ವಂಶದ ಲಿಂಗಾಯತ ರಾಜಮನೆತನ ಅದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಬರೆದ ಚಿಕವೀರ ರಾಜೇಂದ್ರ ಕಾದಂಬರಿ ಈ ಅರಸನ ಮೇಲಿನದೇ. ಮಾಸ್ತಿಯವರಿಗೆ 1983ರಲ್ಲಿ ಜ್ಞಾನಪೀಠ ಬಂದಾಗ ಆ ಕಾದಂಬರಿಯ ಹೆಸರು ಮನೆಮನೆಗೂ ತಲುಪಿತು.

ಈ ಅರಸ 1820ರಲ್ಲಿ ಪಟ್ಟಕ್ಕೆ ಬಂದ. ಆಡಳಿತದ ಬಗ್ಗೆ ದೂರುಗಳು ಬಹಳ ಇದ್ದವು, ಕ್ರೂರಿ ಅನ್ನೋ ಹೆಸರೂ ಇತ್ತು. 1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಬೇರೆ ಬೇರೆ ದಿಕ್ಕಿನಿಂದ ಕೊಡಗಿಗೆ ನುಗ್ಗಿತು. ಮಡಿಕೇರಿಯಲ್ಲಿ ರಾಜ ಶರಣಾದ. ಕಂಪನಿ ಅವನನ್ನು ಮೊದಲು ವೆಲ್ಲೂರಿಗೆ, ಆಮೇಲೆ ದೂರದ ಕಾಶಿಗೆ ಕಳಿಸಿತು. ಪಿಂಚಣಿ ಕೊಟ್ಟಿತು, ಆದರೆ ಊರಿಗೆ ವಾಪಸ್ ಬರೋ ದಾರಿ ಮುಚ್ಚಿತು.

ಅಷ್ಟು ದೂರ ಇಟ್ಟದ್ದು ಕಂಪನಿಗೆ ಅನುಕೂಲವೇ ಆಯಿತು. 1837ರಲ್ಲಿ ಸುಳ್ಯ ಸೀಮೆಯ ರೈತರು ಕಂಪನಿ ವಿರುದ್ಧ ದಂಗೆ ಎದ್ದು ಮಂಗಳೂರಿನವರೆಗೂ ಹೋದಾಗ, ಅವರು ಎತ್ತಿಹಿಡಿದದ್ದು ಇದೇ ಹಾಲೇರಿ ಮನೆತನದ ಹೆಸರನ್ನು. ರಾಜ ಮಡಿಕೇರಿಯಲ್ಲಿ ಇಲ್ಲದಿದ್ದರೂ ಅವನ ಮನೆತನದ ಹೆಸರಿಗೆ ಜನ ಸೇರುತ್ತಾರೆ ಅಂತ ಬ್ರಿಟಿಷರಿಗೆ ಆಗ ಗೊತ್ತಾಯಿತು.

ಗೌರಮ್ಮ ಹುಟ್ಟಿದ್ದು 1841ರಲ್ಲಿ, ಕಾಶಿಯಲ್ಲಿ. ಅಂದರೆ ಕೊಡಗಿನ ರಾಜಕುಮಾರಿ ಅನ್ನಿಸಿಕೊಂಡ ಈ ಹುಡುಗಿ ಹುಟ್ಟುವಷ್ಟರಲ್ಲಿ ಮನೆಯವರು ಕೊಡಗು ಬಿಟ್ಟು ಏಳು ವರ್ಷ ಆಗಿತ್ತು. ತಾಯಿ ಬೇಗನೆ ತೀರಿಕೊಂಡರು. ತಂದೆಗೆ ಈ ಮಗಳ ಮೇಲೆ ಬಹಳ ಪ್ರೀತಿ.

ಅದೇ ಮನೆಯ ಇನ್ನೊಬ್ಬ ಮಗಳನ್ನು ನೇಪಾಳದ ಪ್ರಧಾನಿ ಜಂಗ್ ಬಹಾದೂರ್ ರಾಣಾ ಮದುವೆಯಾದ. ಅವನು ಲಂಡನ್ ನೋಡಿಕೊಂಡು ಬರುವಾಗ ಕಾಶಿಯಲ್ಲಿ ನಡೆದ ಮದುವೆ ಅದು. ಕಾವೇರಿ ಹುಟ್ಟುವ ನಾಡಿನ ಒಂದೇ ಮನೆತನ, ಒಬ್ಬಳು ಕಠ್ಮಂಡುವಿಗೆ, ಒಬ್ಬಳು ಲಂಡನ್ನಿಗೆ.

ಹಡಗು ಹತ್ತಿದ್ದು ಯಾಕೆ?

1852ರಲ್ಲಿ ರಾಜ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೊರಟ. ಆಗ ಗೌರಮ್ಮನಿಗೆ ಹನ್ನೊಂದರ ಆಸುಪಾಸು. ಭಾರತದ ರಾಜಮನೆತನದವರು ಸಮುದ್ರ ದಾಟೋದು ಆ ಕಾಲಕ್ಕೆ ಬಹಳ ಅಪರೂಪದ ಮಾತು.

ರಾಜನ ಲೆಕ್ಕ ಎರಡಿತ್ತು. ಒಂದು ದುಡ್ಡಿನದು. ಕೊಡಗಿನ ರಾಜಮನೆತನ ಹಿಂದೆ ಈಸ್ಟ್ ಇಂಡಿಯಾ ಕಂಪನಿಯಲ್ಲಿ ದೊಡ್ಡ ಮೊತ್ತ ಇಟ್ಟಿತ್ತು. ರಾಜ್ಯ ಕಿತ್ತುಕೊಂಡಾಗ ಕಂಪನಿ ಆ ಹಣವನ್ನೂ ಉಳಿಸಿಕೊಂಡಿತು. ಆ ಹಣ ನನಗೆ ಬರಬೇಕು ಅಂತ ರಾಜ ಲಂಡನ್ನಿನ ಕೋರ್ಟಿನಲ್ಲೇ ಕಂಪನಿ ಮೇಲೆ ದಾವೆ ಹೂಡಿದ. ರಾಜ್ಯ ಕಳೆದುಕೊಂಡವನು ರಾಜ್ಯ ಕಿತ್ತುಕೊಂಡವರ ಊರಿಗೇ ಹೋಗಿ ಅವರ ಕೋರ್ಟಿನಲ್ಲೇ ಕೇಸು ಹಾಕಿದ!

ಎರಡನೇ ಲೆಕ್ಕ ಮಗಳದು. ಮಗಳನ್ನು ಕ್ರೈಸ್ತಳಾಗಿ ಬೆಳೆಸಬೇಕು, ರಾಣಿ ವಿಕ್ಟೋರಿಯಾ ಅವಳ ಹೊಣೆ ಹೊರಬೇಕು ಅಂತ ಅವನು ಕೇಳಿಕೊಂಡ. ಅದರಿಂದ ಅರಮನೆಯ ಕೃಪೆ ಸಿಗುತ್ತೆ, ಕೇಸಿಗೂ ಸಹಾಯವಾಗುತ್ತೆ ಅನ್ನೋ ಆಸೆ ಇತ್ತು ಅಂತ ಚರಿತ್ರೆ ಬರೆದವರು ಹೇಳುತ್ತಾರೆ. ಮಗಳಿಗೆ ಒಳ್ಳೆ ಭವಿಷ್ಯ ಸಿಗಲಿ ಅನ್ನೋದೂ ತಂದೆಯ ಮನಸ್ಸಿನಲ್ಲಿ ಇದ್ದೀತು. ಆದರೆ ಹನ್ನೊಂದು ವರ್ಷದ ಹುಡುಗಿಯನ್ನು ನಿನಗೇನು ಬೇಕಮ್ಮಾ ಅಂತ ಕೇಳೋ ಪದ್ಧತಿ ಆ ಕಾಲದಲ್ಲಿ ಅರಮನೆಯಲ್ಲೂ ಇರಲಿಲ್ಲ, ಗುಡಿಸಲಲ್ಲೂ ಇರಲಿಲ್ಲ.

ರಾಣಿಯ ಹೆಸರು ತಲೆ ಮೇಲೆ

ಅದೇ ವರ್ಷ ಗೌರಮ್ಮನಿಗೆ ದೀಕ್ಷಾಸ್ನಾನ ಆಯಿತು. ಮಾಡಿಸಿದವರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್, ಅಂದರೆ ಇಂಗ್ಲೆಂಡ್ ಚರ್ಚಿನ ಅತಿ ದೊಡ್ಡ ಗುರುಗಳು. ಧರ್ಮಮಾತೆಯಾಗಿ ನಿಂತವರು ಸ್ವತಃ ರಾಣಿ ವಿಕ್ಟೋರಿಯಾ. ಕ್ರೈಸ್ತರಲ್ಲಿ ಧರ್ಮಮಾತೆ ಅಂದರೆ ಮಗುವಿನ ಧಾರ್ಮಿಕ ಬೆಳವಣಿಗೆಗೆ ಹೊಣೆ ಹೊರುವವರು. ಹಾಗೆ ಹೊಣೆ ಹೊತ್ತ ರಾಣಿ ತನ್ನ ಹೆಸರನ್ನೇ ಕೊಟ್ಟಳು. ಹುಡುಗಿ ವಿಕ್ಟೋರಿಯಾ ಗೌರಮ್ಮ ಆದಳು.

ಹಳೆಯ ಹೆಸರನ್ನು ಪೂರ್ತಿ ಅಳಿಸಲಿಲ್ಲ ಅನ್ನೋದು ಗಮನಿಸಬೇಕಾದ ಸಂಗತಿ. ಗೌರಿ ಹಬ್ಬದ ಗೌರಿಯ ಹೆಸರು ಇಂಗ್ಲೆಂಡ್ ಅರಮನೆಯ ದಾಖಲೆಗಳಲ್ಲಿ ಹಾಗೇ ಉಳಿಯಿತು.

ಆಸ್ಥಾನದ ಹೆಸರಾಂತ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಅದರಲ್ಲಿ ಅವಳ ಉಡುಪು, ಒಡವೆ ಎಲ್ಲ ಭಾರತದ್ದು, ಕೈಯಲ್ಲಿ ಇರೋದು ಬೈಬಲ್. ಕೆಲವು ವರ್ಷದ ನಂತರ ಮರೊಚೆಟ್ಟಿ ಅನ್ನೋ ಶಿಲ್ಪಿ ಅಮೃತಶಿಲೆಯಲ್ಲಿ ಅವಳ ಎದೆಮಟ್ಟದ ಪ್ರತಿಮೆ ಕಡೆದು ಬಣ್ಣ ಹಾಕಿದ. ಚಿತ್ರ ಇಂದಿಗೂ ಬ್ರಿಟನ್ ರಾಜಮನೆತನದ ಸಂಗ್ರಹದಲ್ಲಿದೆ. ಪ್ರತಿಮೆ ಇರೋದು ರಾಣಿ ವಿಕ್ಟೋರಿಯಾ ಬೇಸಿಗೆ ಕಳೆಯುತ್ತಿದ್ದ ಆಸ್ಬೋರ್ನ್ ಹೌಸ್ ಅರಮನೆಯಲ್ಲಿ.

ಆ ಚಿತ್ರ ನೋಡಿದವರಿಗೆ ಒಂದು ಅನುಮಾನ ಬರುತ್ತೆ. ಅವಳನ್ನು ಇಂಗ್ಲಿಷ್ ಹುಡುಗಿ ಮಾಡಬೇಕಿತ್ತಾ, ಭಾರತದ ರಾಜಕುಮಾರಿಯಾಗೇ ಇಡಬೇಕಿತ್ತಾ? ಎರಡೂ ಬೇಕಿತ್ತು. ಓದು, ನಡೆ, ಪ್ರಾರ್ಥನೆ ಎಲ್ಲ ಇಂಗ್ಲಿಷರದ್ದಾಗಬೇಕು. ಬಂದವರ ಕಣ್ಣಿಗೆ ಮಾತ್ರ ಅವಳು ಭಾರತದ ರಾಜಕುಮಾರಿಯಾಗೇ ಕಾಣಬೇಕು.

ಅಪ್ಪ ಒಂದೇ ಊರಲ್ಲಿ, ಆದರೆ ದೂರ

ಗೌರಮ್ಮನನ್ನು ಮೇಜರ್ ಡ್ರಮ್ಮಂಡ್ ಮತ್ತು ಅವರ ಹೆಂಡತಿಯ ಮನೆಯಲ್ಲಿ ಬಿಟ್ಟರು. ಇಂಗ್ಲೆಂಡಿನ ದೊಡ್ಡ ಮನೆತನದ ಹುಡುಗಿಗೆ ಏನೇನು ಬರಬೇಕೋ ಅದೆಲ್ಲ ಕಲಿಸೋ ವ್ಯವಸ್ಥೆ ಆಯಿತು. ಅಪ್ಪ-ಮಗಳ ಭೇಟಿಗೆ ಮಾತ್ರ ಕಡಿವಾಣ ಬಿತ್ತು. ಅಪ್ಪನ ಜೊತೆ ಹೆಚ್ಚು ಒಡನಾಡಿದರೆ ಹಳೆಯ ಅಭ್ಯಾಸಗಳು ಮತ್ತೆ ಅಂಟಿಕೊಳ್ಳುತ್ತವೆ ಅನ್ನೋ ಭಯ ಪಾಲಕರಿಗೆ. ಮಗಳನ್ನು ಒಪ್ಪಿಸಿದ ತಂದೆಗೆ ಒಪ್ಪಿಸಿದ್ದು ಎಷ್ಟು ದೊಡ್ಡ ವಸ್ತು ಅಂತ ಆಮೇಲೆ ಅರ್ಥವಾಯಿತು.

ಮನೆಯವರ ಮಾತು ಕೇಳದೆ, ದಿನಾ ಬೇರೆಯವರ ಮಾತೇ ಕೇಳುತ್ತಾ ಬೆಳೆಯೋ ಮಗುವಿಗೆ ಏನಾಗುತ್ತೆ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಮಾತು ಹೋದರೆ ಅದರ ಜೊತೆ ಊಟದ ಹೆಸರು, ಹಬ್ಬದ ಹೆಸರು, ಸಂಬಂಧದ ಹೆಸರು ಒಂದೊಂದೇ ಹೋಗುತ್ತೆ. ಕರೆಯೋಕೆ ಅತ್ತೆ ಇಲ್ಲ, ದೊಡ್ಡಮ್ಮ ಇಲ್ಲ, ಅಜ್ಜಿ ಇಲ್ಲ. ಅವಳಿಗೆ ಸುತ್ತ ಇದ್ದವರೆಲ್ಲ ಮೇಜರ್, ಲೇಡಿ, ಸರ್.

ಹುಡುಗಿ ಹಟಮಾರಿ ಅನ್ನೋ ದೂರು ಪಾಲಕರಿಂದ ಬಂತು. ಕೆಲವು ವರ್ಷದ ನಂತರ ಅವಳನ್ನು ಸರ್ ಜಾನ್ ಲಾಗಿನ್ ಮತ್ತು ಲೇಡಿ ಲಾಗಿನ್ ಅವರ ಜವಾಬ್ದಾರಿಗೆ ಕೊಟ್ಟರು. ಒಂದು ಮನೆಯಿಂದ ಇನ್ನೊಂದು ಮನೆಗೆ, ಒಬ್ಬ ಪಾಲಕರಿಂದ ಇನ್ನೊಬ್ಬ ಪಾಲಕರಿಗೆ. ಪ್ರತಿ ಮನೆಯಲ್ಲೂ ಅವಳು ಗೌರವದ ಅತಿಥಿ, ಯಾವ ಮನೆಯಲ್ಲೂ ಮನೆ ಮಗಳಲ್ಲ.

ಇತ್ತ ತಂದೆಯ ಕೇಸು ವರ್ಷದಿಂದ ವರ್ಷಕ್ಕೆ ಎಳೆಯಿತು. ಕೋರ್ಟು ಕಚೇರಿ ಅಲೆದವರಿಗೆ ಇದರ ರುಚಿ ಗೊತ್ತು. 1859ರಲ್ಲಿ ಚಿಕ್ಕವೀರರಾಜೇಂದ್ರ ಲಂಡನ್ನಿನಲ್ಲೇ ತೀರಿಕೊಂಡ. ಹಣವೂ ಕೈಗೆ ಬರಲಿಲ್ಲ, ಮಗಳೂ ಜೊತೆಗೆ ಉಳಿಯಲಿಲ್ಲ.

ರಾಣಿಯ ಸಂಬಂಧ ಕುದುರಲಿಲ್ಲ

ಆಗ ಇಂಗ್ಲೆಂಡಿನಲ್ಲಿ ಭಾರತದ ಇನ್ನೊಬ್ಬ ರಾಜಕುಮಾರನೂ ಇದ್ದ. ಪಂಜಾಬಿನ ಮಹಾರಾಜ ರಣಜಿತ್ ಸಿಂಗ್ ಅವರ ಮಗ ದಲೀಪ್ ಸಿಂಗ್. 1849ರಲ್ಲಿ ಬ್ರಿಟಿಷರು ಪಂಜಾಬನ್ನು ಕಿತ್ತುಕೊಂಡಾಗ ಅವನೂ ಹುಡುಗ. ಕೊಹಿನೂರ್ ವಜ್ರ ಇವನ ಕೈ ಬಿಟ್ಟು ರಾಣಿಯ ಕೈ ಸೇರಿತು. ಅವನೂ ಕ್ರೈಸ್ತನಾಗಿ 1854ರಲ್ಲಿ ಇಂಗ್ಲೆಂಡಿಗೆ ಬಂದ. ಅವನಿಗೂ ಪಾಲಕರು ಅದೇ ಲಾಗಿನ್.

ರಾಣಿ ವಿಕ್ಟೋರಿಯಾಗೆ ಒಂದು ಆಸೆ. ಇಬ್ಬರೂ ಭಾರತದವರು, ಇಬ್ಬರೂ ಕ್ರೈಸ್ತರಾದವರು, ಇಬ್ಬರೂ ರಾಜಮನೆತನದವರು. ಮದುವೆ ಮಾಡಿಸಿದರೆ ಚೆನ್ನಾಗಿರುತ್ತೆ ಅಂತ. ನಮ್ಮ ಕಡೆ ಹಿರಿಯರು ಜಾತಕ, ಮನೆತನ ನೋಡಿ ಸಂಬಂಧ ಕುದುರಿಸೋ ಹಾಗೇ! ಆದರೆ ಕೊಡಗಿಗೂ ಪಂಜಾಬಿಗೂ ಮಾತು ಬೇರೆ, ಊಟ ಬೇರೆ, ದೇವರು ಬೇರೆ. ಇಂಗ್ಲಿಷರ ಕಣ್ಣಿಗೆ ಮಾತ್ರ ಇಬ್ಬರೂ ಒಂದೇ ಥರ. ದಲೀಪ್ ಸಿಂಗ್ ಗೌರಮ್ಮನ ಜೊತೆ ಸ್ನೇಹದಿಂದ ಇದ್ದ, ಮದುವೆಗೆ ಮಾತ್ರ ಒಪ್ಪಲಿಲ್ಲ.

ಮುಂದೆ ದಲೀಪ್ ಸಿಂಗ್ 1864ರಲ್ಲಿ ಈಜಿಪ್ಟಿನಲ್ಲಿ ಮದುವೆಯಾದದ್ದು ಬಾಂಬಾ ಮುಲ್ಲರ್ ಅನ್ನೋ ಹುಡುಗಿಯನ್ನು. ಅವಳ ತಂದೆ ಜರ್ಮನ್, ತಾಯಿ ಇಥಿಯೋಪಿಯಾದವಳು. ಅವರ ಮಗಳು ಸೋಫಿಯಾ ದಲೀಪ್ ಸಿಂಗ್ ಬ್ರಿಟನ್ನಿನ ಹೆಂಗಸರಿಗೆ ಮತದ ಹಕ್ಕು ಬೇಕು ಅಂತ ಬೀದಿಗಿಳಿದು ಹೋರಾಡಿದವರಲ್ಲಿ ಒಬ್ಬಳು. ಎರಡು ಕಡೆಯ ರಕ್ತ ಇದ್ದವರು ಆ ಕಡೆಯೂ ಅಲ್ಲ ಈ ಕಡೆಯೂ ಅಲ್ಲ ಅಂತ ಹೇಳೋರಿಗೆ ಸೋಫಿಯಾ ಒಳ್ಳೆ ಉತ್ತರ. ಗೌರಮ್ಮನಿಗೆ ಅಷ್ಟು ಆಯಸ್ಸು ಸಿಗಲಿಲ್ಲ.

ಮದುವೆ, ಮಗಳು, ಸಾವು

1860ರಲ್ಲಿ ಗೌರಮ್ಮ ಮದುವೆಯಾದಳು. ಗಂಡ ಲೆಫ್ಟಿನೆಂಟ್ ಕರ್ನಲ್ ಜಾನ್ ಕ್ಯಾಂಬೆಲ್, ಲೇಡಿ ಲಾಗಿನ್ ಅವರ ತಮ್ಮಂದಿರ ಕಡೆಯ ನೆಂಟನಲ್ಲ, ಒಡಹುಟ್ಟಿದವನೇ. ಮೊದಲ ಹೆಂಡತಿಯನ್ನು ಕಳೆದುಕೊಂಡಿದ್ದವನು. ಅವಳಿಗೆ ಹತ್ತೊಂಬತ್ತು, ಅವನು ಅವಳಿಗಿಂತ ಸುಮಾರು ಮೂವತ್ತು ವರ್ಷ ದೊಡ್ಡವನು.

1861ರಲ್ಲಿ ಮಗಳು ಹುಟ್ಟಿದಳು. ಎಡಿತ್ ಅಂತ ಹೆಸರಿಟ್ಟರು. ಗೌರಮ್ಮ ಬೆಳೆದದ್ದು ಎರಡು ನಾಡಿನ ನಡುವೆ. ಎಡಿತ್ ಹುಟ್ಟಿದ್ದೇ ಎರಡು ನಾಡಿನ ರಕ್ತದಲ್ಲಿ. ತಾಯಿಯ ಕಡೆ ಹಾಲೇರಿಯ ಅರಸರು, ತಂದೆಯ ಕಡೆ ಬ್ರಿಟಿಷ್ ಸೈನಿಕ. ತಾತನ ರಾಜ್ಯ ಕಿತ್ತುಕೊಂಡವರ ಜೊತೆಗೇ ತಂದೆಯ ನಂಟು.

ತಾಯಿ ಬದುಕಿದ್ದರೆ ಎಡಿತ್‌ಗೆ ಏನಾದರೂ ಹೇಳುತ್ತಿದ್ದಳೇನೋ. ತಾನು ಕಾಶಿಯಲ್ಲಿ ಕಂಡ ಮನೆ, ಅಪ್ಪ ಬಿಟ್ಟು ಬಂದ ಮಡಿಕೇರಿ. ಆದರೆ ಗೌರಮ್ಮನಿಗೆ ಕ್ಷಯರೋಗ ಇತ್ತು. ಆಗ ಅದಕ್ಕೆ ಔಷಧಿ ಇರಲಿಲ್ಲ. 1864ರ ಮಾರ್ಚ್ 30ರಂದು ಅವಳು ತೀರಿಕೊಂಡಳು. ಮಗುವಿಗೆ ಮೂರು ವರ್ಷವೂ ತುಂಬಿರಲಿಲ್ಲ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಗೌರಮ್ಮನ ಸಮಾಧಿ ಇದೆ.

ಕೆಲವು ವರ್ಷದಲ್ಲಿ ಕ್ಯಾಂಬೆಲ್ ಕೂಡ ಕಾಣೆಯಾದ. ಗೌರಮ್ಮನ ಒಡವೆಗಳೂ ಅವನ ಜೊತೆಗೇ ಕಾಣೆಯಾದವು ಅನ್ನೋ ಕಥೆ ಕೊಡಗಿನಲ್ಲಿ ಇಂದಿಗೂ ಓಡಾಡುತ್ತೆ. ಎಡಿತ್ ಇಂಗ್ಲೆಂಡಿನಲ್ಲೇ ಬೆಳೆದಳು, ಅಲ್ಲೇ ಮದುವೆಯಾದಳು. ಕೊಡಗಿನ ಸಾಹಿತಿ ಸಿ.ಪಿ. ಬೆಳ್ಳಿಯಪ್ಪ ಅವರು ಗೌರಮ್ಮನ ಬದುಕನ್ನು ಹುಡುಕಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಅದರಿಂದ ಎಷ್ಟೋ ಜನರಿಗೆ ಈ ಹೆಸರು ಮತ್ತೆ ನೆನಪಾಯಿತು.

ಇಲ್ಲಿಯೇ ಹುಟ್ಟಿದ ಎಡಿತ್‌ಗಳು

ಎಡಿತ್ ಹಾಗೆ ಎರಡು ಕಡೆಯ ರಕ್ತ ಇದ್ದ ಮಕ್ಕಳು ಆ ಕಾಲಕ್ಕೆ ನಮ್ಮ ರಾಜ್ಯದಲ್ಲೂ ಸಾವಿರಾರು ಇದ್ದರು. ಅವರನ್ನು ಮೊದಲು ಯುರೇಷಿಯನ್ ಅಂತ, ಆಮೇಲೆ ಆಂಗ್ಲೋ ಇಂಡಿಯನ್ ಅಂತ ಕರೆದರು. ರೈಲ್ವೆ, ತಂತಿ ಇಲಾಖೆ, ಕೋಲಾರದ ಚಿನ್ನದ ಗಣಿ, ಇಲ್ಲೆಲ್ಲ ಅವರ ಬೆವರು ಇದೆ. ಇಂದು ಐಟಿ ಕಂಪನಿಗಳಿಂದ ತುಂಬಿರೋ ವೈಟ್‌ಫೀಲ್ಡ್ ಶುರುವಾದದ್ದೇ ಇವರ ಊರಾಗಿ. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಈ ಸಮುದಾಯದ ಸಂಘಕ್ಕೆ 3,900 ಎಕರೆ ಜಮೀನು ಕೊಟ್ಟರು. ಬೇಸಾಯ ಮಾಡಿಕೊಂಡು ಸ್ವಂತ ಕಾಲ ಮೇಲೆ ನಿಲ್ಲಲಿ ಅಂತ. ಸಂಘದ ಮುಂದಾಳು ಡಿ.ಎಸ್. ವೈಟ್. ಅವರ ಹೆಸರೇ ವೈಟ್‌ಫೀಲ್ಡ್ ಆಯಿತು.

ನಮ್ಮ ವಿಧಾನಸಭೆಯಲ್ಲಿ 224 ಚುನಾಯಿತ ಶಾಸಕರ ಜೊತೆ ಒಬ್ಬರನ್ನು ನಾಮಕರಣ ಮಾಡುತ್ತಿದ್ದದ್ದು ಹಲವರಿಗೆ ನೆನಪಿರಬಹುದು. ಆ ಒಂದು ಸ್ಥಾನ ಇದ್ದದ್ದು ಆಂಗ್ಲೋ ಇಂಡಿಯನ್ನರಿಗೇ. 2020ರ ಜನವರಿಯಲ್ಲಿ ಆ ವ್ಯವಸ್ಥೆ ಮುಗಿಯಿತು. ನಮ್ಮ ಸಂವಿಧಾನದಲ್ಲಿ ಆಂಗ್ಲೋ ಇಂಡಿಯನ್ ಯಾರು ಅನ್ನೋದಕ್ಕೆ ನೋಡೋದು ತಂದೆಯ ಕಡೆಯ ವಂಶವನ್ನು. ತಂದೆಯ ಕಡೆ ಯುರೋಪಿನವರಾಗಿರಬೇಕು, ಹುಟ್ಟಿ ನೆಲೆಸಿದ್ದು ಭಾರತದಲ್ಲಿ ಆಗಿರಬೇಕು. ತಾಯಿ ಯಾವ ಕಡೆಯವಳು ಅನ್ನೋದು ಲೆಕ್ಕಕ್ಕೆ ಬರೋದಿಲ್ಲ. ಎಡಿತ್‌ಳ ಕಥೆಯಲ್ಲೂ ಅಳಿಸಿಹೋದದ್ದು ತಾಯಿಯ ಕಡೆಯೇ.

ನಮಗೆ ಯಾಕೆ ಬೇಕು ಈ ಕಥೆ?

ನೂರೈವತ್ತು ವರ್ಷಕ್ಕೂ ಹಿಂದಿನ ರಾಜಕುಮಾರಿಯ ಕಥೆ ಶಿರಾದವರಿಗೆ ಯಾಕೆ ಅಂತ ಕೇಳಬಹುದು. ಇಂದು ನಮ್ಮ ತಾಲ್ಲೂಕಿನ ಮಕ್ಕಳೂ ಅಮೆರಿಕ, ಲಂಡನ್, ದುಬೈ ಅಂತ ಹೋಗಿದ್ದಾರೆ. ಅಲ್ಲಿಯವರನ್ನೇ ಮದುವೆಯಾದವರೂ ಇದ್ದಾರೆ. ರಜೆಗೆ ಬರೋ ಮೊಮ್ಮಕ್ಕಳಿಗೆ ಅಜ್ಜಿಯ ಮಾತು ಅರ್ಧ ಅರ್ಥವಾಗುತ್ತೆ, ಅರ್ಧ ಆಗೋದಿಲ್ಲ. ಸಂತೆಗೆ ಕರೆದುಕೊಂಡು ಹೋದರೆ ಜನ ತಿರುಗಿ ನೋಡುತ್ತಾರೆ. ಮಗು ಯಾರ ಹಾಗಿದೆ, ಬಣ್ಣ ಯಾರದು, ಮೂಗು ಯಾರದು ಅಂತ ಅದರ ಎದುರಿಗೇ ಲೆಕ್ಕ ಹಾಕುತ್ತಾರೆ.

ಆ ಮಕ್ಕಳಿಗೂ ಗೌರಮ್ಮನಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅವರಿಗೆ ಅಪ್ಪ ಅಮ್ಮ ಜೊತೆಗಿದ್ದಾರೆ, ಫೋನಿನಲ್ಲಿ ಅಜ್ಜಿ ಸಿಗುತ್ತಾಳೆ, ವಿಮಾನ ಹತ್ತಿದರೆ ಮಾರನೇ ದಿನ ಊರು ಸಿಗುತ್ತೆ. ಗೌರಮ್ಮನಿಗೆ ಎರಡು ನಾಡು ಇದ್ದವು, ಆದರೆ ಒಂದರ ಬಾಗಿಲನ್ನು ಹಿಂದಿನಿಂದ ಹಾಕಿಬಿಟ್ಟಿದ್ದರು. ಎರಡು ಕಡೆಯವಳಾಗಿ ಬೆಳೆಯೋದು ಅವಳ ಕಷ್ಟ ಆಗಿರಲಿಲ್ಲ. ಒಂದು ಕಡೆಯನ್ನು ಅವಳಿಂದ ಕಿತ್ತುಕೊಂಡದ್ದು ಕಷ್ಟ ಆಯಿತು. ಅಪ್ಪನಿಗೆ ಅವಳು ಕೇಸಿನ ಆಸರೆ, ರಾಣಿಗೆ ಪ್ರೀತಿಯ ಜೊತೆಗೆ ಹೆಮ್ಮೆ, ಪಾಲಕರಿಗೆ ಜವಾಬ್ದಾರಿ. ಪ್ರೀತಿ ತೋರಿಸಿದವರು ಇದ್ದರು, ಕೇಳಿ ತಿಳಿದವರು ಕಡಿಮೆ.

ಕೊಡಗಿನ ನೆಲವನ್ನು ಒಂದು ಸಲವೂ ತುಳಿಯದ ಹುಡುಗಿಯನ್ನು ಕೊಡಗಿನವರು ಇಂದಿಗೂ ನಮ್ಮ ಮನೆ ಮಗಳು ಅಂತ ನೆನೆಸಿಕೊಳ್ಳುತ್ತಾರೆ. ಬ್ರಾಂಪ್ಟನ್ ಸ್ಮಶಾನದ ಸಾವಿರಾರು ಇಂಗ್ಲಿಷ್ ಹೆಸರುಗಳ ನಡುವೆ ಒಂದು ಕಲ್ಲಿನ ಮೇಲೆ ಗೌರಮ್ಮ ಅನ್ನೋ ಹೆಸರಿದೆ. ನಮ್ಮ ತಾಲ್ಲೂಕಿನಿಂದ ಲಂಡನ್ನಿಗೆ ಹೋಗಿರೋ ಮಕ್ಕಳು ಯಾರಾದರೂ ಇದನ್ನು ಓದಿದರೆ, ಬಿಡುವಾದ ದಿನ ಅಲ್ಲಿಗೆ ಒಂದು ಹೂವು ತೆಗೆದುಕೊಂಡು ಹೋಗಿ ಬನ್ನಿ. ಅವಳ ಹೆಸರನ್ನು ನಮ್ಮ ಮಾತಿನಲ್ಲಿ ಒಂದು ಸಲ ಕೂಗಿ ಕರೆದರೂ ಸಾಕು.